ಹ್ಯಾಪಿ ಅವರ್‌ನಲ್ಲಿ ಒಳ್ಳೆ ಬಿಯರ್ ಅಗ್ಗಕ್ಕೆ ಸಿಗೋದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

“ಕ್ರಾಫ್ಟ್ ಬ್ರೂವರಿಗಳ ಟ್ಯಾಪ್‌ರೂಮಿನಲ್ಲಿ ಒಳ್ಳೆ ಹ್ಯಾಪಿ ಅವರ್ ಎಲ್ಲಿದೆ, ಅದನ್ನ ಹುಡುಕೋದು ಹೇಗೆ?” ನಾನು ಬಿಯರ್ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಕ್ರಾಫ್ಟ್ ಬ್ರೂವರಿ ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಜಾಗ, ಹ್ಯಾಪಿ ಅವರ್ ಅಂದರೆ ದಿನದ ಕೆಲವು ಗಂಟೆ ಮಾತ್ರ ಬೆಲೆ ಇಳಿಸುವ ಪದ್ಧತಿ. ಕೇಳುವವರಿಗೆ ಬೇಕಿರುವುದು ಹೆಸರುಗಳ ಪಟ್ಟಿ. ಆದರೆ ಅಂಥ ಪಟ್ಟಿ ಬೇಗ ಹಳಸುತ್ತದೆ. ಹೊತ್ತು ಬದಲಾಗುತ್ತದೆ, ವಾರ ಬದಲಾಗುತ್ತದೆ, ನಲ್ಲಿಯಲ್ಲಿರುವ ಬಿಯರಂತೂ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ಯಾವ ಊರಿನಲ್ಲಾದರೂ ನಡೆಯುವ ಒಂದು ದಾರಿ ಹೇಳುತ್ತೇನೆ. ಬೋರ್ಡಿನ ಮೇಲೆ ಎಷ್ಟು ಶೇಕಡಾ ಕಡಿತ ಅಂತ ನೋಡುವ ಮೊದಲು ಒಂದೇ ಮಾತು ಕೇಳಿಕೊಳ್ಳಿ: ಇವರು ಈ ಬಿಯರಿಗೆ, ಈ ಹೊತ್ತಿನಲ್ಲಿ, ಯಾಕೆ ಬೆಲೆ ಇಳಿಸಿದ್ದಾರೆ?

ಕಾರಣಗಳು ಸಾಮಾನ್ಯವಾಗಿ ಎರಡು. ಮೊದಲನೆಯದು ಖಾಲಿ ಕುರ್ಚಿ. ಟ್ಯಾಪ್‌ರೂಮ್ ಅಂದರೆ ಬ್ರೂವರಿ ತಾನು ತಯಾರಿಸಿದ ಬಿಯರನ್ನು ತನ್ನ ಜಾಗದಲ್ಲೇ ಸುರಿದು ಕೊಡುವ ಕೋಣೆ. ನಡುವೆ ವಿತರಕರಿಲ್ಲ, ಅಂಗಡಿಯವರಿಲ್ಲ. ಅವರ ಪಾಲಿನ ಲಾಭ ಬ್ರೂವರಿಯ ಕೈಯಲ್ಲೇ ಉಳಿಯುವುದರಿಂದ ಬೆಲೆ ಇಳಿಸಲು ಜಾಗವಿರುತ್ತದೆ. ಗಿರಾಕಿ ಬರಲಿ ಬಿಡಲಿ, ಕೌಂಟರಿನ ಹುಡುಗರಿಗೆ ಸಂಬಳ ಕೊಡಲೇಬೇಕು, ಶೈತ್ಯಕೋಣೆ ಓಡಲೇಬೇಕು. ಹಾಗಾಗಿ ವಾರದ ನಡುವಿನ ದಿನಗಳಲ್ಲಿ, ಕಚೇರಿ ಬಿಡುವ ಮೊದಲಿನ ಎರಡು ಮೂರು ಗಂಟೆ ಜನರನ್ನು ಕರೆಯಲು ಬೆಲೆ ಇಳಿಸುತ್ತಾರೆ. ಇಂಥ ಹ್ಯಾಪಿ ಅವರ್‌ನಲ್ಲಿ ಎಲ್ಲ ನಲ್ಲಿಗಳ ಬಿಯರೂ, ಇಲ್ಲವೇ ಹೆಚ್ಚು ಓಡುವ ನಾಲ್ಕೈದು ಬಿಯರೂ ಅಗ್ಗವಾಗುತ್ತವೆ. ಇದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಎರಡನೆಯದು ಹಳೆಯ ಕೆಗ್, ಅಂದರೆ ನಲ್ಲಿಗೆ ಜೋಡಿಸುವ ಬಿಯರ್ ಪೀಪಾಯಿ. ಒಂದು ಬಿಯರ್ ಎಣಿಸಿದಷ್ಟು ಓಡಲಿಲ್ಲ, ಹೊಸದಕ್ಕೆ ನಲ್ಲಿ ಬೇಕು, ಮುಗಿಸಿಬಿಡೋಣ ಎಂಬ ಲೆಕ್ಕ. ಒಂದೇ ಒಂದು ಬಿಯರಿಗೆ ಮಾತ್ರ, ಅದೂ ಇದ್ದಕ್ಕಿದ್ದಂತೆ, ಭಾರಿ ಕಡಿತ ಕಂಡರೆ ಹೀಗಿರುವ ಸಾಧ್ಯತೆ ಹೆಚ್ಚು. ಹಾಗಂತ ಅದು ಕೆಟ್ಟದ್ದೇ ಆಗಿರಬೇಕಿಲ್ಲ. ಯಾವ ಬಗೆಯ ಬಿಯರ್ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಪಾಶ್ಚರೀಕರಿಸದ ಕೆಗ್ ಬಿಯರಿಗೆ ತಣ್ಣಗಿಟ್ಟರೂ ಸಾಮಾನ್ಯವಾಗಿ 45ರಿಂದ 60 ದಿನದ ಆಯಸ್ಸು ಅಂತ ಲೆಕ್ಕ ಹಿಡಿಯುತ್ತಾರೆ. ಹಾಪ್ಸ್ ಹೂವಿನ ಕಹಿ, ಪರಿಮಳವೇ ಮುಖ್ಯವಾದ ಐಪಿಎಗಳಿಗೆ, ಅದರಲ್ಲೂ ಮಬ್ಬು ಮಬ್ಬಾದ ಹೇಜಿ ಐಪಿಎಗಳಿಗೆ, ಈ ಕಾಲ ತುಂಬ ಬಿಗಿ. ಮೊದಲು ಹೋಗುವುದು ಹಾಪ್ಸ್‌ನ ಪರಿಮಳ. ಆಮೇಲೆ ಆಮ್ಲಜನಕದ ಕೆಲಸ ಶುರುವಾಗಿ ಬಣ್ಣ ಮಂಕಾಗುತ್ತದೆ, ರುಚಿ ಒದ್ದೆ ರಟ್ಟಿನ ಕಡೆ ವಾಲುತ್ತದೆ. ಅದೇ ಹುಳಿ ಬಿಯರುಗಳು, 9–10 ಶೇಕಡಾ ಮದ್ಯಾಂಶದ ಇಂಪೀರಿಯಲ್ ಸ್ಟೌಟ್, ಬಾರ್ಲಿವೈನ್ ಎಂಬ ಜೋರಾದ ಬಿಯರುಗಳು ತಿಂಗಳುಗಳ ಕಾಲ ಗಟ್ಟಿಯಾಗಿ ನಿಲ್ಲುತ್ತವೆ. ಕೆಲವು ಇನ್ನೂ ಹದವಾಗುತ್ತವೆ. ಹಾಗಾಗಿ ಮುಗಿಸಿಬಿಡಲು ಇಟ್ಟ ಇಂಥ ಸ್ಟೌಟ್ ಕಂಡರೆ ಸಂತೋಷದಿಂದ ತೆಗೆದುಕೊಳ್ಳಿ. ಮುಗಿಸಿಬಿಡಲು ಇಟ್ಟ ಐಪಿಎ ಕಂಡರೆ ಮೊದಲು ಒಂದು ಗುಟುಕು ರುಚಿ ಕೇಳಿ.

ರುಚಿ ಕೇಳಲು ಸಂಕೋಚ ಬೇಡ. ಬಹುತೇಕ ಟ್ಯಾಪ್‌ರೂಮುಗಳು 30ರಿಂದ 60 ಮಿಲಿ ಸುಮ್ಮನೆ ಕೊಡುತ್ತವೆ. ಒಂದೋ ಎರಡೋ ಕೇಳಿದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಜನಜಂಗುಳಿಯ ಹೊತ್ತಿನಲ್ಲಿ ಐದಾರು ಕೇಳಿದರೆ ಮಾತ್ರ ಬೇಸರ ಸಹಜ.

ಇನ್ನು ಹುಡುಕುವ ಕೆಲಸ. ಹ್ಯಾಪಿ ಅವರ್ ಪಟ್ಟಿ ಕೊಡುವ ಜಾಲತಾಣಗಳನ್ನು ನಂಬಿ ಹೊರಟವರೇ ಹೆಚ್ಚು ನಿರಾಶರಾಗುವುದು. ಅವುಗಳಲ್ಲಿ ಮಾಹಿತಿ ಸೇರಿಸಿದ ದಿನಾಂಕವೇ ಇರುವುದಿಲ್ಲ. ಬ್ರೂವರಿಯ ಸ್ವಂತ ಇನ್‌ಸ್ಟಾಗ್ರಾಂ ಖಾತೆ, ಅದರಲ್ಲೂ 24 ಗಂಟೆಗೆ ಮಾಯವಾಗುವ ಸ್ಟೋರಿಗಳು, ಹೆಚ್ಚು ನಂಬಿಕೆಗೆ ಅರ್ಹ. ಅನ್‌ಟ್ಯಾಪ್ಡ್ ಆ್ಯಪ್‌ನಲ್ಲಿ ಹಲವು ಟ್ಯಾಪ್‌ರೂಮುಗಳು ಆಯಾ ದಿನದ ನಲ್ಲಿಪಟ್ಟಿ ಹಾಕುತ್ತವೆ. ಒಂದು ಬಿಯರನ್ನು ಅಲ್ಲಿ ಜನ ಯಾವಾಗಿನಿಂದ ಕುಡಿದು ಗುರುತು ಹಾಕುತ್ತಿದ್ದಾರೆ ಅಂತ ನೋಡಿದರೆ ಆ ಬಿಯರ್ ಎಷ್ಟು ಕಾಲದಿಂದ ನಲ್ಲಿಯಲ್ಲಿದೆ ಎಂಬ ಅಂದಾಜೂ ಸಿಗುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಗಿರಾಕಿಗಳು ಹಾಕಿದ ಚಿತ್ರಗಳನ್ನು ಹೊಸತು ಮೊದಲು ಬರುವಂತೆ ಜೋಡಿಸಿ ನೋಡಿ. ಬೆಲೆ ಬರೆದ ಕಪ್ಪುಹಲಗೆ ಯಾವುದಾದರೂ ಚಿತ್ರದ ಹಿಂಬದಿಯಲ್ಲಿ ಸಿಕ್ಕೇ ಸಿಗುತ್ತದೆ. ಬ್ರೂವರಿ ಇಮೇಲ್ ಕಳಿಸುತ್ತಿದ್ದರೆ ಅದಕ್ಕೆ ಹೆಸರು ಕೊಡಿ, ಹೊಸ ಕೆಗ್ ತೆರೆಯುವ ದಿನದ ಸುದ್ದಿ ಮೊದಲು ಅಲ್ಲಿಗೇ ಬರುತ್ತದೆ.

ಇಷ್ಟಾದ ಮೇಲೂ ಒಂದು ಫೋನ್ ಮಾಡಿ. ಬಾಗಿಲು ತೆರೆದು ಅರ್ಧ ಗಂಟೆ ಕಳೆದ ಹೊತ್ತು ಒಳ್ಳೆಯದು, ಮಾತಾಡಲು ಅವರಿಗೂ ಪುರಸೊತ್ತಿರುತ್ತದೆ. “ಹ್ಯಾಪಿ ಅವರ್ ಇದೆಯಾ?” ಅಂತ ಕೇಳಿದರೆ “ಇದೆ” ಅನ್ನುವ ಒಂದೇ ಉತ್ತರ ಬರುತ್ತದೆ. ಹೀಗೆ ಕೇಳಿ: “ಇವತ್ತು ಯಾವ ಯಾವ ಬಿಯರಿಗೆ ರಿಯಾಯಿತಿ ಇದೆ? ಗ್ಲಾಸು ಎಷ್ಟು ಮಿಲಿ? ಆರ್ಡರ್ ಕೊಟ್ಟ ಹೊತ್ತು ಲೆಕ್ಕಕ್ಕೋ, ಬಿಲ್ ಮಾಡಿದ ಹೊತ್ತೋ?” ಕೊನೆಯ ಪ್ರಶ್ನೆಯನ್ನು ಹಲವರು ಬಿಡುತ್ತಾರೆ. ಕೆಲವು ಕಡೆ ಆರ್ಡರ್ ಯಂತ್ರಕ್ಕೆ ಹೋದ ಹೊತ್ತಿನ ಬೆಲೆ, ಕೆಲವು ಕಡೆ ಬಿಲ್ ಮುಚ್ಚಿದ ಹೊತ್ತಿನ ಬೆಲೆ. ಎರಡನೆಯ ಬಗೆಯಾದರೆ ಹೊತ್ತು ಮುಗಿಯುವ ಹತ್ತು ನಿಮಿಷ ಮುಂಚೆ ಬಿಲ್ ಕಟ್ಟಿ, ಬೇಕಿದ್ದರೆ ಹೊಸದು ತೆರೆಸಿ. ಪಂದ್ಯದ ದಿನ, ಹಬ್ಬದ ದಿನ, ಹಾಲ್ ಬಾಡಿಗೆಗೆ ಹೋದ ದಿನ ರಿಯಾಯಿತಿ ಇಲ್ಲ ಎಂಬ ಷರತ್ತು ಸಾಮಾನ್ಯ. ಕೌಂಟರಿನಲ್ಲಿ ಕೂತವರಿಗೆ ಮಾತ್ರ, ಮೇಜಿಗೆ ಇಲ್ಲ ಎನ್ನುವವರೂ ಇದ್ದಾರೆ.

ಕಾನೂನು ಕೂಡ ಊರಿಂದೂರಿಗೆ ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1984ರಲ್ಲೇ ಹ್ಯಾಪಿ ಅವರ್ ನಿಷೇಧಿಸಿತು. ಐರ್ಲೆಂಡಿನಲ್ಲಿ 2003ರ ಕಾಯ್ದೆ ದಿನದ ಕೆಲವು ಗಂಟೆಗಳಿಗೆ ಮಾತ್ರ ಮದ್ಯದ ಬೆಲೆ ಇಳಿಸುವುದನ್ನು ತಡೆಯಿತು. ಸ್ಕಾಟ್ಲೆಂಡಿನಲ್ಲಿ ಒಮ್ಮೆ ಬದಲಿಸಿದ ಬೆಲೆಯನ್ನು 72 ಗಂಟೆ ಹಾಗೇ ಇಡಬೇಕು. ಇಂಥ ಕಡೆ ಗಂಟೆಗಳ ರಿಯಾಯಿತಿ ಹುಡುಕಿ ಕಾಲ ಕಳೆಯಬೇಡಿ. ಊಟದ ಮೇಲಿನ ಕಡಿತ, ಮನೆಗೆ ತುಂಬಿಸಿಕೊಂಡು ಹೋಗುವ ಬಿಯರಿನ ಮೇಲಿನ ಕಡಿತ, ವರ್ಷದ ಶುಲ್ಕ ಕಟ್ಟಿ ಪ್ರತಿ ಗ್ಲಾಸಿಗೂ ಕಡಿತ ಪಡೆಯುವ ಮಗ್ ಕ್ಲಬ್ ಸದಸ್ಯತ್ವ ಇಂಥವುಗಳಲ್ಲಿ ಯಾವುದಕ್ಕೆ ಕಾನೂನು ಒಪ್ಪುತ್ತದೋ ಅದರಲ್ಲಿ ಉಳಿತಾಯ ಇರುತ್ತದೆ.

ಈಗ ಗ್ಲಾಸಿನ ಮಾತು. ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಪಿಂಟ್ ಅಂದರೆ ಎಲ್ಲ ಕಡೆ ಒಂದೇ ಅಳತೆಯಲ್ಲ: ಅಮೆರಿಕದ ಪಿಂಟ್ 473 ಮಿಲಿ, ಬ್ರಿಟನ್ನಿನದು 568 ಮಿಲಿ. ಇದರ ಮೇಲೆ ತಳ ದಪ್ಪಗಿರುವ ಒಂದು ಬಗೆಯ ಗ್ಲಾಸು ಇದೆ. ಎತ್ತರದಲ್ಲಿ, ಆಕಾರದಲ್ಲಿ 473ರ ಗ್ಲಾಸಿನಂತೆಯೇ ಕಾಣುತ್ತದೆ, ಹಿಡಿಯುವುದು 414 ಮಿಲಿ ಮಾತ್ರ. ಕೈಯಲ್ಲಿ ಎತ್ತಿದರೆ ಬುಡ ಭಾರವೆನಿಸುತ್ತದೆ, ಬೆಳಕಿಗೆ ಹಿಡಿದರೆ ತಳದ ಗಾಜು ಬೆರಳಷ್ಟು ದಪ್ಪ ಕಾಣುತ್ತದೆ. ಮಾಮೂಲಿ ಹೊತ್ತಿನಲ್ಲಿ 473 ಮಿಲಿಗೆ 100 ಬೆಲೆ ಇದ್ದು, ಹ್ಯಾಪಿ ಅವರ್‌ನಲ್ಲಿ ಈ ಗ್ಲಾಸಿಗೆ 80 ಅಂದರು ಅಂತಿಟ್ಟುಕೊಳ್ಳಿ. ಬೋರ್ಡಿನ ಪ್ರಕಾರ 20 ಶೇಕಡಾ ಕಡಿತ. ಲೆಕ್ಕ ಹಾಕಿ ನೋಡಿ: ಮೊದಲು 100 ಮಿಲಿಗೆ 21.1 ಬೀಳುತ್ತಿತ್ತು, ಈಗ 19.3 ಬೀಳುತ್ತದೆ. ನಿಜವಾದ ಉಳಿತಾಯ 9 ಶೇಕಡಾ ಕೂಡ ಇಲ್ಲ. ಬೆಲೆಯನ್ನು ಮಿಲಿಯಿಂದ ಭಾಗಿಸಿ ನೂರರಿಂದ ಗುಣಿಸುವುದು ಫೋನಿನಲ್ಲಿ ಹತ್ತು ಸೆಕೆಂಡಿನ ಕೆಲಸ. ಪ್ರತಿ ಸಲ ಮಾಡಿ.

ನೊರೆಯ ಬಗ್ಗೆ ಜಗಳ ಬೇಡ. ಎರಡು ಸೆಂಟಿಮೀಟರಿನಷ್ಟು ನೊರೆ ಬಿಯರಿಗೆ ಬೇಕೇ ಬೇಕು, ಪರಿಮಳ ಮೂಗಿಗೆ ತಲುಪುವುದೇ ಅದರಿಂದ. ಗ್ಲಾಸಿನ ಮೇಲೆ ಅಳತೆಯ ಗೆರೆ ಇದ್ದರೆ ಬಿಯರ್ ಆ ಗೆರೆಗೆ ಮುಟ್ಟಿರಬೇಕು, ನೊರೆ ಅದರ ಮೇಲೆ ನಿಲ್ಲಬೇಕು. ಗೆರೆಗಿಂತ ಕೆಳಗಿದ್ದರೆ ತುಂಬಿಸಿಕೊಡಿ ಅಂತ ಕೇಳುವುದು ನಿಮ್ಮ ಹಕ್ಕು. ಗೆರೆಯೇ ಇಲ್ಲದ ಗ್ಲಾಸು ಅಂಚಿನವರೆಗೆ ಅಳೆದದ್ದಾಗಿರುತ್ತದೆ, ನೊರೆಯ ಪಾಲು ನಿಮ್ಮ ಬಿಯರಿನಿಂದಲೇ ಹೋಗುತ್ತದೆ. ಎರಡು ಟ್ಯಾಪ್‌ರೂಮ್ ಹೋಲಿಸುವಾಗ ಇದು ನೆನಪಿರಲಿ.

ಸಣ್ಣ ಗ್ಲಾಸು ಅಂದಕೂಡಲೇ ಮೋಸ ಅಂದುಕೊಳ್ಳುವುದೂ ತಪ್ಪು. ಜೋರಾದ ಬಿಯರುಗಳನ್ನು 300 ಮಿಲಿ ಆಸುಪಾಸಿನ ಟ್ಯುಲಿಪ್ ಗ್ಲಾಸಿನಲ್ಲಿ ಕೊಡುವುದು ಸರಿಯಾದ ಪದ್ಧತಿ. 9 ಶೇಕಡಾದ 300 ಮಿಲಿಯಲ್ಲಿ 27 ಮಿಲಿ ಶುದ್ಧ ಮದ್ಯ ಇರುತ್ತದೆ, 5 ಶೇಕಡಾದ 473 ಮಿಲಿಯಲ್ಲಿ 24 ಮಿಲಿಗೂ ಸ್ವಲ್ಪ ಕಡಿಮೆ. ಚಿಕ್ಕ ಗ್ಲಾಸೇ ಹೆಚ್ಚು ಏರುತ್ತದೆ. ಒಂದೇ ಬಗೆಯ, ಹೆಚ್ಚುಕಡಿಮೆ ಒಂದೇ ಮದ್ಯಾಂಶದ ಬಿಯರುಗಳ ನಡುವೆ ಮಾತ್ರ ಮಿಲಿ ಲೆಕ್ಕ ಹೋಲಿಸಿ. ವಾಹನ ಓಡಿಸಬೇಕಿರುವವರು ಈ ಶುದ್ಧ ಮದ್ಯದ ಲೆಕ್ಕವನ್ನೇ ಹಿಡಿಯಬೇಕು, ಇನ್ನೂ ಒಳ್ಳೆಯದೆಂದರೆ ಬೇರೆ ಯಾರಾದರೂ ಓಡಿಸಲಿ.

ಫ್ಲೈಟ್, ಅಂದರೆ ನಾಲ್ಕು ಪುಟ್ಟ ಗ್ಲಾಸುಗಳ ತಟ್ಟೆ, ಸಾಮಾನ್ಯವಾಗಿ 120ರಿಂದ 150 ಮಿಲಿಯ ನಾಲ್ಕು ಬಿಯರುಗಳು. 120 ಮಿಲಿಯ ನಾಲ್ಕು ಸೇರಿದರೆ 480 ಮಿಲಿ, ಹೆಚ್ಚುಕಡಿಮೆ ಒಂದು ಅಮೆರಿಕನ್ ಪಿಂಟಿಗೆ ಸಮ. ಮಿಲಿ ಲೆಕ್ಕದಲ್ಲಿ ಪಿಂಟಿಗಿಂತ ದುಬಾರಿ ಇರುತ್ತದೆ, ಯಾಕೆಂದರೆ ನಾಲ್ಕು ಸಲ ಸುರಿಯಬೇಕು, ನಾಲ್ಕು ಗ್ಲಾಸು ತೊಳೆಯಬೇಕು. ಹ್ಯಾಪಿ ಅವರ್‌ನಲ್ಲಿ ಫ್ಲೈಟಿಗೂ ಕಡಿತ ಇದ್ದರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಒಳ್ಳೆ ವ್ಯವಹಾರ. ಹೊಸ ಜಾಗದಲ್ಲಿ ಇಷ್ಟವಾಗದ ಒಂದು ಪಿಂಟನ್ನು ಅರ್ಧಕ್ಕೆ ಬಿಟ್ಟು ಬರುವ ನಷ್ಟ ಇದರಲ್ಲಿಲ್ಲ. ಹಗುರದಿಂದ ಜೋರಿನ ಕಡೆಗೆ, ಹುಳಿ ಮತ್ತು ಕಹಿಯನ್ನು ಕೊನೆಗಿಟ್ಟು ಕುಡಿಯಿರಿ. ಒಂದಕ್ಕೆ ಒಂದು ಉಚಿತ ಎನ್ನುವ ಕಡೆ “ಎರಡನೆಯದನ್ನು ಆಮೇಲೆ ಸುರಿದು ಕೊಡ್ತೀರಾ?” ಅಂತ ಮೊದಲೇ ಕೇಳಿ. ಎರಡನ್ನೂ ಒಟ್ಟಿಗೆ ತಂದಿಟ್ಟರೆ ಎರಡನೆಯದು ಬಿಸಿಯಾಗಿ ನೊರೆ ಸತ್ತುಹೋಗಿರುತ್ತದೆ.

ಮಗ್ ಕ್ಲಬ್ಬಿಗೆ ವರ್ಷದ ಶುಲ್ಕ ಕಟ್ಟುವ ಮೊದಲು ಒಂದು ಭಾಗಾಕಾರ ಸಾಕು. ಶುಲ್ಕ 12 ಪಿಂಟಿನ ಬೆಲೆಯಷ್ಟಿದ್ದು, ಪ್ರತಿ ಪಿಂಟಿಗೆ 20 ಶೇಕಡಾ ಕಡಿತ ಸಿಕ್ಕರೆ, ಶುಲ್ಕ ವಾಪಸು ಬರಲು 60 ಪಿಂಟ್ ಕುಡಿಯಬೇಕು. ವಾರಕ್ಕೊಂದು ಪಿಂಟಿಗಿಂತ ಹೆಚ್ಚು ಕುಡಿಯದವರಿಗೆ ಇದು ನಷ್ಟ. ಹ್ಯಾಪಿ ಅವರ್ ಕಡಿತದ ಮೇಲೆ ಸದಸ್ಯರ ಕಡಿತವೂ ಸೇರುತ್ತದೆಯೇ ಅಂತಲೂ ಕೇಳಿ. ಸಾಮಾನ್ಯವಾಗಿ ಸೇರುವುದಿಲ್ಲ.

ಬಾಗಿಲು ತೆರೆದ ಕ್ಷಣದಿಂದಲೇ ಶುರುವಾಗುವ ಹ್ಯಾಪಿ ಅವರ್‌ನಲ್ಲಿ ಒಂದು ತೊಡಕಿದೆ. ಕೆಗ್ಗಿನಿಂದ ನಲ್ಲಿಗೆ ಬರುವ ಕೊಳವೆಯಲ್ಲಿ ರಾತ್ರಿಯಿಡೀ ನಿಂತ ಬಿಯರ್ ಮೊದಲ ಗಿರಾಕಿಯ ಗ್ಲಾಸಿಗೆ ಬರಬಹುದು. ಒಳಗಿನ ಅಗಲ ಕಾಲು ಇಂಚು ಇರುವ ಕೊಳವೆ ಮೀಟರಿಗೆ ಸುಮಾರು 32 ಮಿಲಿ ಹಿಡಿಯುತ್ತದೆ. ಶೈತ್ಯಕೋಣೆ ಗೋಡೆಯ ಆಚೆಗೇ ಇದ್ದು ಕೊಳವೆ 3 ಮೀಟರ್ ಇದ್ದರೆ ನೂರು ಮಿಲಿಯೊಳಗೆ ಮುಗಿಯಿತು, 10 ಮೀಟರ್ ಇದ್ದರೆ ಮುನ್ನೂರಕ್ಕೂ ಹೆಚ್ಚು. ಕಾಳಜಿಯಿರುವವರು ತೆರೆಯುವ ಮೊದಲು ಅದನ್ನು ಚೆಲ್ಲುತ್ತಾರೆ. ಸಪ್ಪೆ ಅನಿಸಿದರೆ ಮೆಲ್ಲಗೆ ಹೇಳಿ, ಬದಲಿಸಿಕೊಡುತ್ತಾರೆ. ಅಥವಾ ಅರ್ಧ ಗಂಟೆ ತಡವಾಗಿ ಹೋಗಿ.

ಕೊಳವೆ ಶುಚಿಯಾಗಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ದಂಡ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ನಿನ ಕೈಪಿಡಿ ಕನಿಷ್ಠ 14 ದಿನಕ್ಕೊಮ್ಮೆ ಕ್ಷಾರದ ದ್ರಾವಣದಿಂದ ಕೊಳವೆ ತೊಳೆಯಲು ಹೇಳುತ್ತದೆ. ತೊಳೆಯದಿದ್ದರೆ ಬ್ಯಾಕ್ಟೀರಿಯಾ ಬೆಳೆದು ಬಿಯರಿಗೆ ವಿನಿಗರಿನ ಹುಳಿ ಅಥವಾ ಬೆಣ್ಣೆಯ ವಾಸನೆ ಬರುತ್ತದೆ. ಹುಳಿ ಬಿಯರ್ ಕೇಳದೆ ಹುಳಿ ಬಂದರೆ ಆ ನಲ್ಲಿ ಬಿಟ್ಟುಬಿಡಿ. ಗ್ಲಾಸನ್ನೂ ನೋಡಿ: ಒಳಮೈಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಜಿಡ್ಡೋ ಸೋಪೋ ಉಳಿದಿದೆ ಅಂತ ಅರ್ಥ. ಶುಚಿಯಾದ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆಯ ಒಂದು ಬಳೆ ಗಾಜಿಗೆ ಅಂಟಿ ಉಳಿಯುತ್ತದೆ.

ಬಿಯರ್ ಮನೆಗೆ ಒಯ್ಯುವ ಗ್ರೌಲರ್ ಎಂಬ ದೊಡ್ಡ ಬಾಟಲಿ ತುಂಬಿಸಲು ವಾರದ ಒಂದು ದಿನ ಕಡಿತ ಕೊಡುವ ಜಾಗಗಳಿವೆ. ಪೂರ್ತಿ ಅಳತೆಯದು 1.89 ಲೀಟರ್, ಅಂದರೆ ನಾಲ್ಕು ಅಮೆರಿಕನ್ ಪಿಂಟ್. ನಾಲ್ಕು ಪಿಂಟಿನ ಹ್ಯಾಪಿ ಅವರ್ ಬೆಲೆಗಿಂತ ಕಡಿಮೆ ಇದ್ದರೆ ಮಾತ್ರ ಲಾಭ. ನಲ್ಲಿಯಿಂದ ಹಾಗೇ ತುಂಬಿಸಿದ್ದನ್ನು ಮೂರು ದಿನದೊಳಗೆ ತೆರೆಯಿರಿ, ತೆರೆದ ಮೇಲೆ ಮಾರನೆಯ ದಿನಕ್ಕೆ ಅದು ಸಪ್ಪೆ. ಒಬ್ಬರೇ ಇದ್ದರೆ ಕಾರ್ಬನ್ ಡೈಆಕ್ಸೈಡ್ ಹಾಯಿಸಿ ಮುಚ್ಚಳ ಬಿಗಿಯುವ 946 ಮಿಲಿಯ ಕ್ರೌಲರ್ ಡಬ್ಬಿ ವಾಸಿ. ಬಾಟಲಿ ಕಂದು ಗಾಜಿನದಿರಲಿ, ಬೆಳಕು ತಾಗಿದ ಹಾಪ್ಸ್‌ನಿಂದ ದುರ್ವಾಸನೆ ಬರುತ್ತದೆ. ಖಾಲಿಯಾದ ಕೂಡಲೇ ಬರೀ ಬಿಸಿನೀರಿನಲ್ಲಿ ಮೂರು ಸಲ ಕುಲುಕಿ ತೊಳೆದು, ಮುಚ್ಚಳ ಹಾಕದೆ ಬೋರಲು ಒಣಗಿಸಿ. ಒದ್ದೆಯಿರುವಾಗ ಮುಚ್ಚಿಟ್ಟ ಬಾಟಲಿಯ ಮುಗ್ಗಲು ವಾಸನೆ ಮುಂದಿನ ಬಿಯರಿಗೆ ಸೇರುತ್ತದೆ, ಅಂಥ ಬಾಟಲಿ ತಂದರೆ ಹಲವು ಟ್ಯಾಪ್‌ರೂಮುಗಳು ತುಂಬಿಸಿಕೊಡುವುದೂ ಇಲ್ಲ.