ಹೌದು ಅನ್ನಬೇಕೋ, ಹೂಂ ಅನ್ನಬೇಕೋ

ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ನಾವು ನಾಲ್ವರು ಸರಸ್ವತೀಪುರಂನಲ್ಲಿ ಒಂದು ಮಹಡಿ ಕೋಣೆ ಹಿಡಿದಿದ್ದೆವು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ತರಗತಿಗಳಿಗಿಂತ ಮೊದಲು ನೆನಪಾದದ್ದು ಆ ಕೋಣೆಯ ಶನಿವಾರಗಳು. ಎರಡು ಬಾಟಲಿ ಬಿಯರು, ನಾಲ್ಕು ಸ್ಟೀಲ್ ಲೋಟ, ಪೇಪರ್ ಪೊಟ್ಟಣದಲ್ಲಿ ಚುರುಮುರಿ, ನಡುವೆ ಲೈಬ್ರರಿಯಿಂದ ತಂದ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’.

1922ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ಕಾದಂಬರಿ. ಕತೆ ನಡೆಯುವುದು ಡಬ್ಲಿನ್‌ನಲ್ಲಿ, 1904ರ ಜೂನ್ 16ರ ಒಂದು ಹಗಲು, ಒಂದು ರಾತ್ರಿ. ಒಟ್ಟು 18 ಅಧ್ಯಾಯ. ನಾವು ಮೂರನೆಯದರಲ್ಲೇ ಹೂತುಹೋದೆವು. ಸ್ಟೀಫನ್ ಎಂಬ ಹುಡುಗ ಕಡಲ ದಂಡೆಯಲ್ಲಿ ನಡೆಯುತ್ತಾ ಯೋಚಿಸುತ್ತಾನೆ, ಅಷ್ಟೇ. ಆದರೆ ಆ ಯೋಚನೆಯೊಳಗೆ ಅರಿಸ್ಟಾಟಲ್, ಲ್ಯಾಟಿನ್, ಸತ್ತ ತಾಯಿ. ಮೂರು ಶನಿವಾರ ಅದೇ ಪುಟಗಳನ್ನು ತಿರುವಿದೆವು. ಟಿಪ್ಪಣಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡರೂ ಕಾಲು ಮೇಲೇಳಲಿಲ್ಲ.

ನಮ್ಮನ್ನು ಎತ್ತಿದವನು ಮದ್ದೂರಿನ ಕಡೆಯ ಗೆಳೆಯ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. “ಬುಡ್ರಲಾ ಅವನ್ನ, ಮುಂದ್ಲ ಮನೆಗೆ ಹೋಗನ” ಎಂದು ನಾಲ್ಕನೆಯ ಅಧ್ಯಾಯ ತೆಗೆದ. ಅಲ್ಲಿ ಲಿಯೊಪೋಲ್ಡ್ ಬ್ಲೂಮ್ ಬೆಳಗಿನ ಹೊತ್ತು ಬೆಕ್ಕಿಗೆ ಹಾಲು ಹಾಕುತ್ತಾನೆ, ಹೆಂಡತಿಗೆ ಮಲಗಿದಲ್ಲಿಗೇ ತಿಂಡಿ ಕೊಂಡೊಯ್ಯುತ್ತಾನೆ, ಅಷ್ಟರಲ್ಲಿ ಒಲೆಯ ಮೇಲಿನ ಕಿಡ್ನಿ ಸೀದುಹೋಗುತ್ತದೆ. ಬ್ಲೂಮ್‌ಗೆ ಕುರಿಯ ಕಿಡ್ನಿ ಪ್ರಾಣ, ಅದರ ನಸು ಮೂತ್ರದ ವಾಸನೆಯ ಸಮೇತ. ಮಾಂಸ ಮುಟ್ಟದ ನಾವಿಬ್ಬರು ಮುಖ ಕಿವುಚಿದೆವು. ಅವನು ಲೋಟ ಕೆಳಗಿಟ್ಟು, “ಎಷ್ಟು ತೊಳುದ್ರೂವೆ ಒಸಿ ಇರ್ತದೆ ಕಣ್ರಲಾ. ಇವ್ನು ತಿಂದು ಬರ್ದವ್ನೆ” ಅಂದ.

ಯಾವ ವಿಮರ್ಶೆಯೂ ನನಗೆ ಆ ಮಾತಿನಷ್ಟು ಕೊಟ್ಟಿಲ್ಲ. ಈ ಕಾದಂಬರಿಯ ಹಿಂದಿರುವ ಹೋಮರನ ಮಹಾಕಾವ್ಯ ‘ಒಡಿಸ್ಸಿ’ಯ ಚೌಕಟ್ಟನ್ನು ಹುಡುಕುತ್ತಿದ್ದ ನಾವು ಅಂದಿನಿಂದ ಅಡುಗೆಮನೆ, ಬೀದಿ, ಹೆಣದ ಗಾಡಿಯೊಳಗಿನ ಮಾತುಕತೆ ಹಿಡಿದು ಓದತೊಡಗಿದೆವು. ಹನ್ನೊಂದೇ ದಿನ ಬದುಕಿದ್ದ ಮಗನನ್ನು ಬ್ಲೂಮ್ ನೆನೆಯುವಲ್ಲಿ ಯಾರೂ ಲೋಟ ಎತ್ತಲಿಲ್ಲ.

ಕೊನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಎರಡನೇ ವರ್ಷ ಮುಗಿಯುತ್ತಿತ್ತು. ಬ್ಲೂಮ್‌ನ ಹೆಂಡತಿ ಮಾಲಿ ಹಾಸಿಗೆಯಲ್ಲಿ ಮಲಗಿ ನೆನೆಯುವುದೆಲ್ಲ ಎಂಟೇ ವಾಕ್ಯ, ಅಲ್ಪವಿರಾಮವಿಲ್ಲ, ಪುಟದ ಮೇಲೆ ಪುಟ. ಗಟ್ಟಿಯಾಗಿ ಓದುವುದು, ಉಸಿರು ಸಾಲದಾದವನು ಪುಸ್ತಕ ದಾಟಿಸುವುದು ಎಂದು ಮಾಡಿಕೊಂಡೆವು. ನನ್ನದು ಅರ್ಧ ಪುಟಕ್ಕೇ ಮುಗಿಯಿತು. ಮದ್ದೂರಿನವನು ಮಾತ್ರ ನಿಲ್ಲಲಿಲ್ಲ. “ನಮ್ಮವ್ವ ಕಾಳು ಹಸನು ಮಾಡಕ್ಕೆ ಕೂತ್ರೆ ಹಿಂಗೇಯ. ಎಲ್ಲಿಂದೆಲ್ಲಿಗೋ ಹೋಯ್ತಳೆ, ಒಂದೂ ಮರೆಯಕಿಲ್ಲ” ಅಂದು ಮತ್ತೆ ಶುರುಮಾಡಿದ.

ಆ ಅಧ್ಯಾಯ ಶುರುವಾಗುವುದೂ ಮುಗಿಯುವುದೂ ‘ಯೆಸ್’ ಎಂಬ ಪದದಿಂದ. ಕೊನೆಯದು, ಮದುವೆಯಾಗುವೆಯಾ ಎಂದು ಬ್ಲೂಮ್ ಕೇಳಿದ್ದಕ್ಕೆ ಮಾಲಿ ಕೊಟ್ಟ ಉತ್ತರ. ಕನ್ನಡಕ್ಕೆ ತಂದರೆ ಅದನ್ನು ಏನನ್ನಬೇಕು? ‘ಹೌದು’ ಎಂದೆ ನಾನು. ಅವನು ಒಪ್ಪಲಿಲ್ಲ. ಹೌದು ಅನ್ನುವುದು ಸಾಕ್ಷಿ ಹೇಳುವಾಗ. ಪ್ರೀತಿಸಿದವನು ಕೇಳಿದರೆ ನಮ್ಮ ಕಡೆ ಹೆಣ್ಣುಮಕ್ಕಳು ‘ಹೂಂ’ ಅನ್ನುತ್ತಾರೆ ಎಂದು ವಾದಿಸಿದ. ಬಿಯರು ಮುಗಿದು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕತ್ತಲಲ್ಲಿ ನಡೆಯುವಾಗಲೂ ನಾಲ್ವರೂ ಅದನ್ನೇ ಆಡುತ್ತಿದ್ದೆವು. ನಾನು ಸೋಲೊಪ್ಪಿದ್ದು ಮೂರನೇ ದಿನ.