ಡೆವನ್ನಿನ ಅಡುಗೆಯವಳು, ನಮ್ಮ ಕೊನೆಗೌಡ

ಸಾಗರ ಸೀಮೆಯಲ್ಲಿ ಆಷಾಢದ ಮಳೆ ಹಿಡಿದು ಒಂಬತ್ತು ದಿನವಾಯಿತು. ಕರೆಂಟು ಹೋಗಿ ಎರಡು ದಿನ. ಬಚ್ಚಲೊಲೆಯ ಮುಂದೆ ಕುಳಿತು, ಹಸಿ ಕಟ್ಟಿಗೆಯನ್ನು ಊದುತ್ತ, ಕಣ್ಣೊರೆಸಿಕೊಳ್ಳುತ್ತ, ಇ. ಎಂ. ಡೆಲಫೀಲ್ಡ್ ಅವರ ‘ಡೈರಿ ಆಫ್ ಎ ಪ್ರೊವಿನ್ಶಿಯಲ್ ಲೇಡಿ’ಯನ್ನು ಎರಡನೆಯ ಸಲ ಓದಿ ಮುಗಿಸಿದೆ. ‘ಟೈಮ್ ಅಂಡ್ ಟೈಡ್’ ಎಂಬ ವಾರಪತ್ರಿಕೆಯಲ್ಲಿ ಕಂತುಗಳಾಗಿ ಬಂದು 1930ರಲ್ಲಿ ಪುಸ್ತಕವಾದ ಈ ಕಾಲ್ಪನಿಕ ದಿನಚರಿಯನ್ನು ಬರೆಯುವ ಗೃಹಿಣಿಗೆ ಹೆಸರೇ ಇಲ್ಲ. ಅವಳ ಮನೆ ಇರುವುದು ಇಂಗ್ಲೆಂಡಿನ ಡೆವನ್ ಸೀಮೆಯ ಹಳ್ಳಿಯಲ್ಲಿ.

ಅಡುಗೆಯವಳು, ಮಗಳಿಗೆ ಪಾಠ ಹೇಳಲು ಫ್ರೆಂಚ್ ಹೆಂಗಸು ಎಲ್ಲರೂ ಇರುವ ಮನೆಯ ಯಜಮಾನಿಗೆ ಏನು ಕಷ್ಟ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಅಡುಗೆಯವಳು ಬಂದು ಒಲೆ ಸರಿಯಿಲ್ಲ ಎಂದರೆ ಸಾಕು, ಯಜಮಾನಿ ಕುಗ್ಗಿಹೋಗುತ್ತಾಳೆ. ಈ ಭಯ ನನಗೆ ಗೊತ್ತು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್: ಕೊಳೆರೋಗದ ಮದ್ದನ್ನು ಯಾರಾದರೂ ಕಲಸಿಯಾರು, ಆದರೆ ಮಳೆ ಬಿಟ್ಟ ಒಂದೇ ಹೊಳವಿನಲ್ಲಿ ಅಡಿಕೆ ಮರವೇರಿ ಅದನ್ನು ಹೊಡೆಯುವ ಕೊನೆಗೌಡ ಊರಿಗೆಲ್ಲ ಒಬ್ಬನೇ. “ನಿನ್ನೆ ಕಾಫಿ ತುಸು ನೀರಾಗಿತ್ತು ಅಮ್ಮಾ” ಎಂದು ಅವನು ಹೋದ ವರ್ಷ ಮೆಲ್ಲಗೆ ಹೇಳಿದಾಗ, ಅತ್ತೆಯವರ ಮಾತಿಗೂ ಬದಲಾಗದ ನನ್ನ ಡಿಕಾಕ್ಷನ್ ಮರುದಿನವೇ ಗಟ್ಟಿಯಾಯಿತು. (ಡೆವನ್ನಿನ ಅಡುಗೆಯವಳೂ ಒಂದು ದಿನಚರಿ ಬರೆದಿದ್ದರೆ ಅದು ಇನ್ನೂ ಸೊಗಸಾಗಿರುತ್ತಿತ್ತೆಂಬ ಗುಮಾನಿ ನನಗಿದೆ.)

ಬ್ಯಾಂಕಿನ ಕಾಗದಕ್ಕೆ ಹೆದರಿ ದಿನಚರಿಯ ಯಜಮಾನಿ ಹಿರಿಯರ ವಜ್ರದುಂಗುರವನ್ನು ಗುಟ್ಟಾಗಿ ಅಡವಿಡುತ್ತಾಳೆ. ನನ್ನ ಅವಲಕ್ಕಿ ಸರವೂ ಪ್ರತಿ ಜೂನ್‌ನಲ್ಲಿ, ಮಕ್ಕಳ ಫೀಸಿನ ಹೊತ್ತಿಗೆ, ಪೇಟೆಗೆ ಹೋಗಿ ಅಡಿಕೆ ಮಾರಿದ ಮೇಲೆ ತವರಿಗೆ ಬಂದಂತೆ ಮರಳುತ್ತದೆ. ಆ ನಡುವೆ ಮದುವೆಮನೆಗಳಲ್ಲಿ ಸೆರಗನ್ನು ಕೊರಳಿನವರೆಗೆ ಹೊದ್ದುಕೊಂಡು, ಚಳಿ ಎನ್ನುತ್ತೇನೆ.

ಅವಳ ಗಂಡ ರಾಬರ್ಟ್ ಹೆಚ್ಚು ಮಾತಾಡುವವನಲ್ಲ. ‘ದಿ ಟೈಮ್ಸ್’ ಪತ್ರಿಕೆಯ ಹಿಂದೆ ನಿದ್ದೆ ಹೋಗುತ್ತಾನೆ. ಮಧ್ಯಾಹ್ನದ ಬಸ್ಸಿಗೆ ಬಂದ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಮಲಗಿದ್ದ ನಮ್ಮನೆಯವರಿಗೆ ಈ ಕಥೆಯನ್ನೆಲ್ಲ ಉತ್ಸಾಹದಿಂದ ಹೇಳಿದೆ. ಎಲ್ಲವನ್ನೂ ಕೇಳಿ, “ಅವನಿಗೆ ತೋಟ ಎಷ್ಟೆಕರೆ?” ಎಂದರು. ಸ್ವಂತದ್ದಲ್ಲ, ಬೇರೆಯವರ ಆಸ್ತಿ ನೋಡಿಕೊಳ್ಳುವ ಕೆಲಸ ಎಂದೆ. “ಅಯ್ಯೋ ಪಾಪ” ಎಂದು ಪೇಪರನ್ನು ಮತ್ತೆ ಮುಖಕ್ಕೆಳೆದುಕೊಂಡರು.