ಎದೆಯ ರಿಪೇರಿ, ಕಾಲಿನ ಚಿಂತೆ

ಅಪ್ಪನಿಗೆ ಎರಡು ಭುಜಗಳ ಮಧ್ಯೆ, ಬೆನ್ನಿನಲ್ಲಿ ಜೋರು ನೋವು. ಇಸಿಜಿ ಸರಿಯಾಗಿಯೇ ಇತ್ತು. ಹಾರ್ಟ್ ಅಟ್ಯಾಕ್ ಅಲ್ಲವಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಸಿಟಿ ಆಂಜಿಯೋ, ಅಂದರೆ ರಕ್ತನಾಳಗಳ ಸ್ಕ್ಯಾನ್, ಅದರ ರಿಪೋರ್ಟ್ ಬಂತು. ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳ ಮಹಾಧಮನಿ; ಎದೆಭಾಗದಲ್ಲಿ ಅದರ ಗೋಡೆಯಲ್ಲಿ ಹುಣ್ಣು. ಕೊಬ್ಬು ಕಟ್ಟಿದ್ದ ಜಾಗ ಕೊರೆದುಕೊಂಡು ನಡುವಿನ ಪದರಕ್ಕೆ ಇಳಿದಿತ್ತು. ಸುತ್ತ ರಕ್ತವೂ ಜಿನುಗಿತ್ತು. ಬಿಪಿ, ವಯಸ್ಸು, ಹಳೇ ಸಿಗರೇಟು ಚಟ, ಮೂರೂ ಅಪ್ಪನಿಗಿದ್ದವು.

ನೋವಿಲ್ಲದ ಸಣ್ಣ ಹುಣ್ಣಾಗಿದ್ದರೆ ಮಾತ್ರೆ ಕೊಟ್ಟು, ಆಗಾಗ ಸ್ಕ್ಯಾನ್ ಮಾಡುತ್ತಾ ಕಾಯಬಹುದಿತ್ತಂತೆ. ಅಪ್ಪನಿಗೆ ಬಿಪಿ ಇಳಿಸಿದ ಮೇಲೂ ನೋವು ನಿಲ್ಲಲಿಲ್ಲ. ಗೋಡೆ ಒಡೆಯುವ ಭಯ. ಎದೆ ತೆರೆಯುವುದು ಬೇಡ, ತೊಡೆಸಂದಿಯ ರಕ್ತನಾಳದಿಂದ ಸ್ಟೆಂಟ್ ಗ್ರಾಫ್ಟ್ ಕಳಿಸುತ್ತೇವೆ ಎಂದರು ಡಾಕ್ಟರು. ಲೋಹದ ತಂತಿಯ ಚೌಕಟ್ಟಿಗೆ ಬಟ್ಟೆ ಹೊದಿಸಿದ ಕೊಳವೆ ಅದು. ಮಡಿಚಿಕೊಂಡು ಹೋಗಿ, ಜಾಗ ಮುಟ್ಟಿದ ಮೇಲೆ ತಾನೇ ಅರಳುತ್ತದೆ. ರಕ್ತ ಅದರೊಳಗೆ ಹರಿಯುತ್ತದೆ, ಹುಣ್ಣಿಗೆ ಒತ್ತಡ ತಾಗುವುದಿಲ್ಲ. ಎದೆಯ ಮಹಾಧಮನಿಗೆ ಇಂಥದ್ದನ್ನು ಮೊದಲು ಹಾಕಿದ್ದು 1987ರಲ್ಲಿ, ಉಕ್ರೇನಿನ ಖಾರ್ಕಿವ್‌ನ ಸರ್ಜನ್ ನಿಕೊಲಾಯ್ ವೊಲೊಡೋಸ್ ಎಂದು ಎಲ್ಲೋ ಓದಿದೆ. ಹೊಸ ಪ್ರಯೋಗವೇನಲ್ಲ ಎಂದು ಸ್ವಲ್ಪ ಧೈರ್ಯ ಬಂತು.

ಸಂಬಂಧಿಕರಿಗೆ ಹೇಳಿದರೆ, "ಓ, ಸ್ಟೆಂಟ್ ತಾನೇ? ಸುಮ್ನೆ ಹೆದರ್ತೀಯ" ಎಂದರು. ಹೃದಯದ ಸ್ಟೆಂಟ್ ಸುಮಾರು 3 ಮಿಲಿಮೀಟರ್ ಅಗಲ. ಇದು ಹೆಚ್ಚುಕಡಿಮೆ 3 ಸೆಂಟಿಮೀಟರ್! ಗಾಯ ಸಣ್ಣದಾದರೆ ಆಪರೇಷನ್ನೂ ಸಣ್ಣದು ಅಂತ ಜನ ಅಂದುಕೊಳ್ಳುತ್ತಾರೆ. ಒಪ್ಪಿಗೆ ಪತ್ರ ಓದಿದವರು ಹಾಗೆ ಹೇಳಲಾರರು.

ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಆ ಪತ್ರದಲ್ಲಿದ್ದ ಕಾಲಿನ ಮಾತು. ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ನಾಳಗಳು ಮಹಾಧಮನಿಯ ಅದೇ ಭಾಗದಿಂದ ಹೊರಡುತ್ತವೆ. ಗ್ರಾಫ್ಟ್ ಕೆಲವನ್ನು ಮುಚ್ಚಿಬಿಡುತ್ತದೆ. ಅಪರೂಪಕ್ಕೆ ಕಾಲುಗಳ ಸ್ವಾಧೀನ ಹೋಗಬಹುದು. ಹಾಗಾಗಿ ಐಸಿಯುನಲ್ಲಿ ನರ್ಸ್ ಮತ್ತೆ ಮತ್ತೆ ಬಂದು "ಕಾಲು ಎತ್ತಿ ಅಜ್ಜ, ಬೆರಳು ಆಡಿಸಿ" ಎನ್ನುತ್ತಿದ್ದರು. ಮೊದಲು ಬಿಪಿ ಇಳಿಸಲು ಒದ್ದಾಡಿದವರೇ ಈಗ ಬೆನ್ನುಹುರಿಗೆ ರಕ್ತ ಹೋಗಲಿ ಎಂದು ಅದು ತೀರಾ ಇಳಿಯದಂತೆ ಕಾಯುತ್ತಿದ್ದರು. ಅಪ್ಪನಿಗೆ ರೇಗಿತು. "ಎದೆ ರಿಪೇರಿ ಮಾಡಿ ಅಂದ್ರೆ ಇವರಿಗೆ ನನ್ನ ಕಾಲಿಂದೇ ಚಿಂತೆ!" ಎಂದು ಬೈದುಕೊಂಡೇ ಎರಡೂ ಕಾಲು ಎತ್ತಿದರು. ನನಗೆ ಅಳು, ನಗು ಎರಡೂ ಬಂತು.

ಈಗ ಅಪ್ಪನೂ "ಸ್ಟೆಂಟ್ ಅಷ್ಟೇ" ಎನ್ನುವವರ ಪಾರ್ಟಿ ಸೇರಿದ್ದಾರೆ. ಬಿಪಿ ಮಾತ್ರೆ ತಪ್ಪಿಸುವುದಿಲ್ಲ, ನಿಜ. ವರ್ಷಕ್ಕೊಮ್ಮೆ ಸ್ಕ್ಯಾನ್ ಎಂದರೆ ಮಾತ್ರ ಮುಖ ಸಿಂಡರಿಸುತ್ತಾರೆ. ಗ್ರಾಫ್ಟ್ ಜರುಗಿದೆಯೇ, ಅಂಚಿನಿಂದ ರಕ್ತ ಸೋರುತ್ತಿದೆಯೇ ಎಂದು ಬೇರೆ ಹೇಗೆ ತಿಳಿಯಬೇಕು?